ತಲೆ ಸುತ್ತಿದ ಮಾತ್ರಕ್ಕೆ ನರ್ಸ್ ಆಗಬಾರದೇ?

ಪ್ರಶ್ನೆ: ನಾನು ಮೈಸೂರಿನಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದೇನೆ, ಪಿಸಿಎಂಬಿ. ನನ್ನ ಚಿಕ್ಕಮ್ಮ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನರ್ಸಿಂಗ್ ಹೇಗಿರುತ್ತದೆ ಅಂತ ಕಣ್ಣಾರೆ ನೋಡೋಣ ಎಂದು ಕ್ರಿಸ್‌ಮಸ್ ರಜೆಯಲ್ಲಿ ಒಂದು ವಾರ ಅಲ್ಲಿಯವರ ಒಪ್ಪಿಗೆ ಪಡೆದು ಚಿಕ್ಕಮ್ಮನ ಜೊತೆ ಬೆಳಗಿನ ಡ್ಯೂಟಿಗೆ ಹೋದೆ. ಚಳಿಯಲ್ಲಿ ಐದು ಗಂಟೆಗೆ ಎದ್ದು, ಏಳಕ್ಕೆ ವಾರ್ಡ್‌ನಲ್ಲಿರುತ್ತಿದ್ದೆ. ಮಧ್ಯಾಹ್ನ ಫಿಸಿಕ್ಸ್ ಟ್ಯೂಷನ್. ಸಂಜೆ ಸನ್ನೆ ಭಾಷೆಯ ತರಗತಿ. ನಮ್ಮ ಬೀದಿಯಲ್ಲಿ ಕಿವಿ ಕೇಳದ ಒಬ್ಬ ಪುಟ್ಟ ಹುಡುಗನಿದ್ದಾನೆ, ಅವನ ಜೊತೆ ಮಾತಾಡಬೇಕು ಅಂತ ಫೋನ್‌ನಲ್ಲಿ ಎ, ಬಿ, ಸಿ ಕಲಿತಿದ್ದೆ. ತರಗತಿಗೆ ಹೋದ ಮೇಲೆ ನಾನು ಕಲಿತದ್ದು ಅಮೆರಿಕದ್ದು ಎಂದು ಗೊತ್ತಾಯಿತು. ಕಲಿಸುವ ಸರ್‌ಗೂ ಕಿವಿ ಕೇಳುವುದಿಲ್ಲ.

ನಾಲ್ಕನೇ ದಿನ ಸಕ್ಕರೆ ಕಾಯಿಲೆಯವರೊಬ್ಬರ ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವಾಗ ನನಗೆ ಕಣ್ಣು ಕತ್ತಲೆ ಬಂದು ಕುಸಿದುಬಿಟ್ಟೆ. ಎಲ್ಲರೂ ರೋಗಿಯನ್ನು ಬಿಟ್ಟು ನನ್ನನ್ನು ನೋಡಿಕೊಂಡರು. ತುಂಬಾ ಅವಮಾನವಾಯಿತು. ಮಾರನೇ ದಿನ ಒಪಿಡಿಯಲ್ಲಿ ಕಿವಿ ಕೇಳದ ಅಜ್ಜ ಒಬ್ಬರು ತಮ್ಮ ಹೆಸರು ಕೂಗಿದ್ದು ಗೊತ್ತಾಗದೆ ಸುಮಾರು ಹೊತ್ತು ಕೂತೇ ಇದ್ದರು. ನಾನು ಹೋಗಿ ಸನ್ನೆಯಲ್ಲಿ ನಮಸ್ಕಾರ ಹೇಳಿದೆ. ಅವರ ಮುಖ ಅರಳಿತು, ವೇಗವಾಗಿ ಏನೇನೋ ಹೇಳತೊಡಗಿದರು. ನನಗೆ ಒಂದೂ ಅರ್ಥವಾಗಲಿಲ್ಲ. ಆ ದಿನ ಮನೆಗೆ ಬಂದು ಅತ್ತೆ.

ಅಪ್ಪ, ‘ಕಷ್ಟಪಟ್ಟು ಸೈನ್ಸ್ ಓದಿಸಿದ್ದು ಮಲಮೂತ್ರ ಬಾಚೋಕಾ’ ಎನ್ನುತ್ತಾರೆ. ಅಮ್ಮ, ‘ಎರಡು ದೋಣಿ ಮೇಲೆ ಕಾಲಿಡಬೇಡ, ಯಾವುದಾದರೂ ಒಂದು ಹಿಡ್ಕೋ’ ಎನ್ನುತ್ತಾರೆ. ಗಾಯ ನೋಡಿದರೆ ಬೀಳುವವಳು ನರ್ಸ್ ಆಗಬಹುದಾ? ಇಲ್ಲದಿದ್ದರೆ ಸನ್ನೆ ಭಾಷೆಯನ್ನೇ ಓದಲಾ? ಫಿಸಿಕ್ಸ್ ಕೂಡ ಹಿಂದೆ ಬಿದ್ದಿದೆ. ದಯವಿಟ್ಟು ದಾರಿ ತೋರಿಸಿ.

– ಹೆಸರು ಬೇಡ, ಮೈಸೂರು

ಉತ್ತರ: ಮಗಳೇ, ಮೊದಲು ಆ ನಾಲ್ಕನೇ ದಿನದ ಮಾತು ಮುಗಿಸೋಣ. ನಿನ್ನ ಪತ್ರದ ಉಳಿದೆಲ್ಲ ಚಿಂತೆಗಳೂ ಅಲ್ಲಿಂದಲೇ ಹುಟ್ಟಿದಂತೆ ಕಾಣುತ್ತದೆ.

ಗಾಯ, ರಕ್ತ ನೋಡಿ ಕುಸಿಯುವುದು ಮನಸ್ಸಿನ ದೌರ್ಬಲ್ಯ ಅಲ್ಲ. ಕೆಲವರ ದೇಹದಲ್ಲಿ ಅಂಥ ದೃಶ್ಯ ಕಂಡ ತಕ್ಷಣ ನಾಡಿ ಬಡಿತ ನಿಧಾನವಾಗುತ್ತದೆ, ಕಾಲಿನ ರಕ್ತನಾಳಗಳು ಹಿಗ್ಗಿ ರಕ್ತ ಕೆಳಗೇ ನಿಲ್ಲುತ್ತದೆ, ಬಿಪಿ ಇಳಿಯುತ್ತದೆ. ಮಿದುಳಿಗೆ ಕ್ಷಣಕಾಲ ರಕ್ತ ಕಡಿಮೆಯಾಗಿ ಕಣ್ಣು ಕತ್ತಲೆ ಬರುತ್ತದೆ. ಇದು ನರಮಂಡಲದ ಒಂದು ಪ್ರತಿಕ್ರಿಯೆ, ನಿನ್ನ ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು ಮೊದಲ ಸಲ ಆಪರೇಷನ್ ಥಿಯೇಟರ್‌ಗೆ ಹೋದಾಗ ಬೀಳುವುದು ಹೊಸದೇನಲ್ಲ. ನರ್ಸಿಂಗ್ ಕಾಲೇಜುಗಳಲ್ಲೂ ಅಷ್ಟೇ. ಅದರ ಮೇಲೆ ನೀನು ಐದಕ್ಕೇ ಎದ್ದವಳು, ನಿಂತೇ ಇದ್ದವಳು. ಬಹುಶಃ ತಿಂಡಿಯನ್ನೂ ಸರಿಯಾಗಿ ತಿಂದಿರಲಿಲ್ಲ. ಅಂಥ ಸ್ಥಿತಿಯಲ್ಲಿ ಯಾರಾದರೂ ಬೀಳಬಹುದು.

ಇದನ್ನು ಹತೋಟಿಗೆ ತರುವ ಸರಳ ಅಭ್ಯಾಸವೊಂದಿದೆ. ಬೆವರು, ವಾಕರಿಕೆ, ಕಿವಿ ಗುಂಯ್‌ಗುಡುವುದು ಶುರುವಾದ ಕೂಡಲೇ ತೊಡೆ, ಮೀನಖಂಡ, ಹೊಟ್ಟೆ, ಮುಷ್ಟಿಗಳನ್ನು ಹತ್ತು-ಹದಿನೈದು ಸೆಕೆಂಡು ಬಿಗಿಹಿಡಿಯಬೇಕು. ಸ್ವಲ್ಪ ಸಡಿಲಿಸಿ ಮತ್ತೆ ಬಿಗಿಹಿಡಿಯಬೇಕು. ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳಿ ಬಿಪಿ ಇಳಿಯದಂತೆ ತಡೆಯುತ್ತವೆ. ಮನೆಯಲ್ಲಿ ದಿನಾ ಕುರ್ಚಿಯ ಮೇಲೆ ಕೂತು ರೂಢಿಸಿಕೊ. ವಾರ್ಡ್‌ಗೆ ತಿಂಡಿ ತಿಂದು, ನೀರು ಕುಡಿದು ಹೋಗು. ಮೊಣಕಾಲು ಬಿಗಿದು ಕಂಬದಂತೆ ನಿಲ್ಲಬೇಡ. ತಡೆಯಲು ಆಗುವುದಿಲ್ಲ ಅನ್ನಿಸಿದರೆ ಸಂಕೋಚಪಡದೆ ನೆಲದ ಮೇಲಾದರೂ ಕೂತುಬಿಡು. ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು. ಗಾಯವನ್ನು ಮತ್ತೆ ಮತ್ತೆ ನೋಡುತ್ತಾ ಹೋದಂತೆ ಹೆಚ್ಚಿನವರಿಗೆ ಈ ಪ್ರತಿಕ್ರಿಯೆ ಕಡಿಮೆಯಾಗುತ್ತದೆ. ಆದರೆ ಯಾವ ಕಾರಣವೂ ಇಲ್ಲದೆ, ಅಥವಾ ಆಡುವಾಗ, ಓಡುವಾಗ ನೀನು ತಲೆ ತಿರುಗಿ ಬಿದ್ದದ್ದುಂಟಾದರೆ ಆ ಮಾತೇ ಬೇರೆ. ಆಗ ವೈದ್ಯರಿಗೆ ತೋರಿಸಲೇಬೇಕು.

ಅಂದು ನೀನು ಎದ್ದು ಕೂತ ಮೇಲೆ ಏನು ಮಾಡಿದೆ ಅಂತ ಪತ್ರದಲ್ಲಿ ಬರೆದಿಲ್ಲ. ಆದರೆ ಮಾರನೇ ದಿನ ಮತ್ತೆ ಆಸ್ಪತ್ರೆಗೆ ಹೋಗಿದ್ದೀಯ. ನಿನ್ನ ಅರ್ಹತೆಯನ್ನು ಅಳೆಯುವುದಾದರೆ ನಾನು ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಇನ್ನು ಅಮ್ಮ ಹೇಳಿದ ಎರಡು ದೋಣಿಯ ಮಾತು. ಅವರ ಕಾಳಜಿ ನಿಜ, ಹೋಲಿಕೆ ಮಾತ್ರ ಇಲ್ಲಿ ಹೊಂದುವುದಿಲ್ಲ. ನರ್ಸಿಂಗ್ ಒಂದು ವೃತ್ತಿ. ಅದಕ್ಕೆ ನಿಗದಿಯಾದ ಓದಿದೆ, ಪರೀಕ್ಷೆಯಿದೆ, ನೋಂದಣಿಯಿದೆ, ಸಂಬಳವಿದೆ. ಸನ್ನೆ ಭಾಷೆ ಒಂದು ಭಾಷೆ. ಕನ್ನಡ ಬಲ್ಲವಳು ನರ್ಸ್ ಆಗಬಾರದೆಂದು ಯಾರೂ ಹೇಳುವುದಿಲ್ಲವಲ್ಲ. ಇದೂ ಹಾಗೆಯೇ. ವೃತ್ತಿಯನ್ನು ಪಿಯುಸಿ ಮುಗಿಯುವ ಹೊತ್ತಿಗೆ ಆರಿಸಿಕೊಳ್ಳಬೇಕಾಗುತ್ತದೆ. ಭಾಷೆಯನ್ನು ವರ್ಷಾನುಗಟ್ಟಲೆ ಅದನ್ನಾಡುವ ಜನರ ನಡುವೆ ಇದ್ದು ಕಲಿಯುತ್ತಾ ಹೋಗಬೇಕು. ಒಂದಕ್ಕೆ ಗಡುವಿದೆ, ಇನ್ನೊಂದಕ್ಕಿಲ್ಲ.

ಇವೆರಡೂ ಒಂದಾಗುವ ಜಾಗವನ್ನು ನೀನಾಗಲೇ ನೋಡಿಬಿಟ್ಟಿದ್ದೀಯ, ಆ ಅಜ್ಜ ಕೂತಿದ್ದ ಬೆಂಚಿನ ಹತ್ತಿರ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಯಾರೂ ಯೋಚಿಸದ ಸಂಗತಿ ಇದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ಅವರಿಗೂ ಜ್ವರ ಬರುತ್ತದೆ, ಹೆರಿಗೆಯಾಗುತ್ತದೆ, ಎದೆನೋವು ಬರುತ್ತದೆ. ಆದರೆ ಆಸ್ಪತ್ರೆಯಲ್ಲಿ ಎಲ್ಲವೂ ಕೂಗಿ ಕರೆಯುವುದರ ಮೇಲೆಯೇ ನಡೆಯುತ್ತದೆ. ಸಿಸ್ಟರ್ ಮಾಸ್ಕ್ ಹಾಕಿಕೊಂಡರೆ ತುಟಿಯೂ ಕಾಣುವುದಿಲ್ಲ. ಮಗ್ಗುಲಿಗೆ ಮಲಗಿಸಿ ಹಿಂದಿನಿಂದ ಸೂಜಿ ಚುಚ್ಚಿದಾಗ ಅವರಿಗೆ ಯಾವ ಸೂಚನೆಯೂ ಇರುವುದಿಲ್ಲ. ರಾತ್ರಿ ದೀಪ ಆರಿಸಿದರೆ ಅವರ ಮಾತೇ ನಿಂತುಹೋಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಸನ್ನೆಯಲ್ಲಿ ಮಾತಾಡುವವರ ಬಲಗೈಗೆ ಡ್ರಿಪ್‌ನ ಕ್ಯಾನುಲಾ ಚುಚ್ಚಿ ಹಲಗೆ ಕಟ್ಟಿ ಟೇಪ್ ಸುತ್ತಿಬಿಟ್ಟರೆ ಅವರ ನಾಲಿಗೆಯನ್ನೇ ಕಟ್ಟಿದಂತೆ. ‘ಯಾವ ಕೈಯಲ್ಲಿ ಹೆಚ್ಚು ಮಾತಾಡುತ್ತೀರಿ’ ಎಂದು ಕೇಳಿ ಇನ್ನೊಂದು ಕೈಗೆ ಹಾಕುವ ನರ್ಸ್‌ಗೆ ಇದಕ್ಕಾಗಿ ಒಂದು ರೂಪಾಯಿಯೂ ಖರ್ಚಿಲ್ಲ. ಆದರೆ ರೋಗಿ ಅವಳನ್ನು ಜೀವಮಾನದಲ್ಲಿ ಮರೆಯುವುದಿಲ್ಲ.

‘ಬರೆದು ತೋರಿಸಿದರಾಯಿತು’ ಎನ್ನುವವರಿದ್ದಾರೆ. ಹುಟ್ಟಿನಿಂದ ಕನ್ನಡವನ್ನು ಕೇಳದೇ ಬೆಳೆದವರಿಗೆ, ಅದರಲ್ಲೂ ಸರಿಯಾದ ಶಾಲೆ ಸಿಗದವರಿಗೆ, ಬರಹದ ಕನ್ನಡ ಕಷ್ಟದ ಎರಡನೇ ಭಾಷೆ. ಇನ್ನು ಕೆಲವು ಕಡೆ ಜೊತೆಗೆ ಬಂದ ಮಗನನ್ನೋ ಮಗಳನ್ನೋ ಮಾತಿಗೆ ಇಟ್ಟುಕೊಳ್ಳುತ್ತಾರೆ. ಹತ್ತು ವರ್ಷದ ಮಗು ಅಮ್ಮನಿಗೆ ಗರ್ಭಕೋಶದ ತೊಂದರೆಯನ್ನು ವಿವರಿಸಬೇಕಾಗಿ ಬರುವುದನ್ನು ಸುಮ್ಮನೆ ಊಹಿಸಿಕೊಂಡು ನೋಡು.

ಕಿವಿಗೂ ನರ್ಸ್‌ಗೂ ಇರುವ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಅಮಿಕಾಸಿನ್, ಜೆಂಟಾಮೈಸಿನ್ ಎಂಬ ಇಂಜೆಕ್ಷನ್‌ಗಳ ಹೆಸರು ನೀನು ವಾರ್ಡ್‌ನಲ್ಲಿ ಕೇಳಿರಬಹುದು. ಜೀವ ಉಳಿಸುವ ಔಷಧಿಗಳು ಅವು, ಆದರೆ ಕೆಲವರಲ್ಲಿ ಒಳಗಿವಿಯ ಸೂಕ್ಷ್ಮ ಜೀವಕೋಶಗಳನ್ನು ಶಾಶ್ವತವಾಗಿ ಹಾಳುಮಾಡಬಲ್ಲವು. ‘ಕಿವಿಯೊಳಗೆ ಗುಂಯ್ ಅನ್ನುತ್ತೆ ಸಿಸ್ಟರ್’ ಎಂದು ರೋಗಿ ಹೇಳಿದ್ದನ್ನು ಹಗುರವಾಗಿ ತೆಗೆದುಕೊಳ್ಳದೆ ಡಾಕ್ಟರ್‌ಗೆ ಮುಟ್ಟಿಸುವವರು ನರ್ಸ್. ಹಸುಗೂಸಿಗೆ ಕಾಮಾಲೆ ವಿಪರೀತ ಏರಿದರೂ ಶ್ರವಣಶಕ್ತಿಗೆ ಪೆಟ್ಟು ಬೀಳಬಹುದು. ನೀಲಿ ಬೆಳಕಿನ ಕೆಳಗೆ ಮಲಗಿಸಿ, ಹೊತ್ತು ಹೊತ್ತಿಗೆ ಮೈಬಣ್ಣ ನೋಡಿ, ಹಾಲು ಕುಡಿಸಿ ಕಾಯುವವರೂ ನರ್ಸ್‌ಗಳೇ. ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷವಿದೆಯೋ ಇಲ್ಲವೋ ಎಂಬ ಖಚಿತತೆ, ಆರು ತಿಂಗಳೊಳಗೆ ನೆರವಿನ ಆರಂಭ ಎನ್ನುವುದು ಈ ಕ್ಷೇತ್ರದವರು ಪಾಲಿಸುವ ಸೂತ್ರ. ನಿಮ್ಮ ಊರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ನೀವೆಲ್ಲ ‘ಆಯಿಷ್’ ಎನ್ನುತ್ತೀರಲ್ಲ, ಅದು ಈ ಕೆಲಸದಲ್ಲಿ ದೇಶಕ್ಕೇ ದೊಡ್ಡ ಹೆಸರು. ಮಗುವನ್ನು ಅಲ್ಲಿಗೆ ಬೇಗ ಕರೆದೊಯ್ಯಿರಿ ಎಂದು ತಾಯಿಗೆ ಮೊದಲು ಹೇಳಬೇಕಾದವರು ಹೆರಿಗೆ ವಾರ್ಡ್‌ನ ಸಿಸ್ಟರ್‌ಗಳು. ನಿನಗೆ ಆಸಕ್ತಿ ಇರುವ ಎರಡು ವಿಷಯಗಳು ಒಂದೇ ಹಾಸಿಗೆಯ ಪಕ್ಕ ಹೇಗೆ ಸೇರುತ್ತವೆ, ನೋಡು.

ಅಜ್ಜನ ಮಾತು ಅರ್ಥವಾಗಲಿಲ್ಲ ಎಂದು ಅತ್ತಿದ್ದೀಯ. ಒಂದು ವಾರ ತಮಿಳು ಕಲಿತವರಿಗೆ ಮಧುರೆಯ ಅಜ್ಜನ ಮಾತು ಅರ್ಥವಾಗುತ್ತದೆಯೇ? ಸನ್ನೆ ಎಂದರೆ ಕೈಯಾಡಿಸುವ ಅಭಿನಯ ಅಷ್ಟೇ ಎಂದು ಹೊರಗಿನವರು ತಿಳಿದಿದ್ದಾರೆ. ಅದಕ್ಕೆ ತನ್ನದೇ ವ್ಯಾಕರಣವಿದೆ. ಭಾರತೀಯ ಸನ್ನೆ ಭಾಷೆಯಲ್ಲಿ ಪ್ರಶ್ನೆಯ ಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ: ‘ನಿನ್ನ ಹೆಸರು ಏನು’ ಎಂಬ ಕ್ರಮದಲ್ಲಿ. ಕನ್ನಡದವರಿಗೆ ಇದೊಂದು ಅನುಕೂಲ. ಹುಬ್ಬೇರಿಸಿದರೆ ಪ್ರಶ್ನೆ, ಅಡ್ಡಡ್ಡ ತಲೆಯಾಡಿಸಿದರೆ ನಿಷೇಧ. ಮುಖವೇ ಅರ್ಧ ವ್ಯಾಕರಣ. ನೀನು ಕೈಗಳನ್ನು ಮಾತ್ರ ನೋಡುತ್ತಿದ್ದೆ ಎಂದು ಕಾಣುತ್ತದೆ. ಮುಂದಿನ ಸಲ ಮುಖ ನೋಡು. ಅರ್ಥವಾಗದಿದ್ದರೆ ‘ನಿಧಾನ’, ‘ಮತ್ತೊಮ್ಮೆ’ ಎಂಬ ಸನ್ನೆಗಳನ್ನು ಎಲ್ಲಕ್ಕಿಂತ ಮೊದಲು ಕಲಿತಿರು.

ಅಮೆರಿಕದ ಅಕ್ಷರಗಳನ್ನು ಕಲಿತುಬಿಟ್ಟೆ ಎಂಬ ಬೇಸರವೂ ಬೇಡ. ಬಹಳ ಜನ ಹಾಗೇ ಶುರುಮಾಡುತ್ತಾರೆ. ಅವರದು ಒಂದೇ ಕೈಯ ಅಕ್ಷರಮಾಲೆ, ಅದರ ಬೇರು ಫ್ರಾನ್ಸ್‌ನಲ್ಲಿದೆ. ನಮ್ಮಲ್ಲಿ ಬಳಕೆಯಲ್ಲಿರುವುದು ಎರಡು ಕೈಯದು, ಬ್ರಿಟನ್ನಿನದಕ್ಕೆ ಹತ್ತಿರ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ನಿಘಂಟು ಹೊರತಂದಿತು. 2021ರ ಹೊತ್ತಿಗೆ ಅದು 10,000 ಪದಗಳಿಗೆ ಬೆಳೆಯಿತು. ವೈದ್ಯಕೀಯ ಪದಗಳೂ ಅದರಲ್ಲಿವೆ. ಯೂಟ್ಯೂಬ್‌ನಲ್ಲಿ ಅವುಗಳ ವಿಡಿಯೊಗಳು ಪುಕ್ಕಟೆ ಸಿಗುತ್ತವೆ. ಆದರೆ ನಿಘಂಟು ಮಾತು ಕಲಿಸುವುದಿಲ್ಲ. ಕಿವುಡ ಗುರುವೊಬ್ಬರು ನಿನಗೆ ಸಿಕ್ಕಿದ್ದಾರೆ, ಅವರನ್ನು ಬಿಡಬೇಡ. ಇದು ಅವರ ಭಾಷೆ. ಅವರಿಂದ ಕಲಿಯುವುದೇ ಸರಿಯಾದ ಮರ್ಯಾದೆ. ಬೀದಿಯ ಆ ಪುಟ್ಟನ ಜೊತೆಗೂ ಆಡುತ್ತಿರು. ಮನೆಯ ಹೊರಗೆ ತನ್ನ ಭಾಷೆಯಲ್ಲಿ ಮಾತಾಡುವ ಒಬ್ಬ ಅಕ್ಕ ಇದ್ದಾಳೆ ಎನ್ನುವುದು ಆ ವಯಸ್ಸಿನ ಮಗುವಿಗೆ ದೊಡ್ಡ ಸಂಪತ್ತು.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ನಾಳೆ ನೀನು ನರ್ಸ್ ಆಗಿ ಸನ್ನೆ ಬಲ್ಲವಳೆಂದು ಗೊತ್ತಾದರೆ, ‘ಈ ಆಪರೇಷನ್‌ಗೆ ಒಪ್ಪಿಗೆ ತೆಗೆದುಕೊಂಡು ಬಾ’ ಎಂದು ನಿನ್ನನ್ನೇ ಕಳಿಸುತ್ತಾರೆ. ಅರ್ಧಂಬರ್ಧ ಸನ್ನೆಯಲ್ಲಿ ಶಸ್ತ್ರಚಿಕಿತ್ಸೆಯ ಅಪಾಯಗಳನ್ನು ವಿವರಿಸಲು ಹೋಗಬೇಡ. ಕುಶಲ ವಿಚಾರಿಸುವುದು, ನೋವೆಲ್ಲಿದೆ ಎಂದು ಕೇಳುವುದು, ಧೈರ್ಯ ಹೇಳುವುದು ನಿನ್ನ ಕೆಲಸ. ಒಪ್ಪಿಗೆ, ರೋಗನಿರ್ಣಯ, ಔಷಧದ ಪ್ರಮಾಣದಂಥ ಮಾತಿಗೆ ತರಬೇತಾದ ದುಭಾಷಿಯೇ ಬೇಕು. ಅದು ಪ್ರತ್ಯೇಕ ವೃತ್ತಿ. ಪಿಯುಸಿ ಮುಗಿಸಿದವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ಮಾನ್ಯತೆಯುಳ್ಳ ಎರಡು ವರ್ಷದ ಡಿಪ್ಲೊಮಾ ಇದೆ. ದೇಶಕ್ಕೆ ಬೇಕಾದಷ್ಟು ದುಭಾಷಿಗಳು ಇಲ್ಲ, ಹಾಗಾಗಿ ಆ ದಾರಿಯೂ ಸಣ್ಣದಲ್ಲ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ, 2024ರಲ್ಲಿ ನಮ್ಮ ಹೈಕೋರ್ಟಿನಲ್ಲಿ ವಾದ ಮುಂದಿಟ್ಟಾಗ ಅವರ ಜೊತೆ ಇದ್ದದ್ದು ಸನ್ನೆ ಭಾಷೆಯ ದುಭಾಷಿ. ನ್ಯಾಯಾಲಯಕ್ಕೆ ಬಂದ ಈ ವ್ಯವಸ್ಥೆ ಆಸ್ಪತ್ರೆಗೂ ಬರಬೇಕು.

ಹಾಗಾದರೆ ನೀನು ಯಾವುದನ್ನು ಓದಬೇಕು? ನಿನ್ನ ಪತ್ರದಲ್ಲಿ ಚಿಕ್ಕಮ್ಮನ ವಾರ್ಡ್‌ನ ಬಗ್ಗೆ ಬರೆದ ಸಾಲುಗಳಲ್ಲಿ ಭಯವಿದೆ, ಬೇಸರವಿಲ್ಲ. ಅದನ್ನು ನೋಡಿ ಹೇಳುತ್ತೇನೆ: ನರ್ಸಿಂಗ್ ಓದು, ಸನ್ನೆ ಭಾಷೆಯನ್ನು ಜೊತೆಗಿಟ್ಟುಕೊ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗದವರಿಗೆ ಶೇ. 45 ಅಂಕ ಇರಬೇಕು, ಇಂಗ್ಲಿಷ್‌ನಲ್ಲಿ ಪಾಸಾಗಿರಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ನಮ್ಮ ರಾಜ್ಯದಲ್ಲಿ ಸರ್ಕಾರಿ ಕೋಟಾದ ಸೀಟುಗಳಿಗೆ ಈಗ ಕೆಇಎ ಮೂಲಕ ಅರ್ಜಿ ಹಾಕಬೇಕು, ಆಯಾ ವರ್ಷದ ಪ್ರಕಟಣೆಯನ್ನು ಓದಿಕೊ. ಮೂರು ವರ್ಷದ ಜಿಎನ್ಎಂ ಇನ್ನೊಂದು ದಾರಿ, ಕಲಾ ವಿಭಾಗದವರೂ ಅದಕ್ಕೆ ಸೇರಬಹುದು. ಯಾವ ಕಾಲೇಜಿಗೇ ಸೇರಿದರೂ ಅದಕ್ಕೆ ಭಾರತೀಯ ಶುಶ್ರೂಷಾ ಪರಿಷತ್ತಿನ ಮತ್ತು ರಾಜ್ಯ ಪರಿಷತ್ತಿನ ಮಾನ್ಯತೆ ಇದೆಯೇ, ಕಲಿಯಲು ಸಾಕಷ್ಟು ಹಾಸಿಗೆಗಳ ಆಸ್ಪತ್ರೆ ಇದೆಯೇ ಎಂದು ಹೋಗಿ ನೋಡಿಯೇ ದುಡ್ಡು ಕಟ್ಟಬೇಕು. ಏಜೆಂಟರ ಮಾತು ನಂಬಿ ಸೀಟು ಮಾಡಿಸಿಕೊಂಡು ಕಣ್ಣೀರಿಟ್ಟ ಮಕ್ಕಳ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ.

ಈಗ ಅಪ್ಪನ ಮಾತಿಗೆ ಬರುತ್ತೇನೆ. ‘ಮಲಮೂತ್ರ ಬಾಚೋ ಕೆಲಸ’ ಎಂದರಲ್ಲ, ಹೌದು, ಅದೂ ಇದೆ. ಎದ್ದು ಕೂರಲಾಗದವರ ಮೈ ಒರೆಸಿ, ಎರಡೆರಡು ಗಂಟೆಗೆ ಮಗ್ಗುಲು ತಿರುಗಿಸಿ ಬೆನ್ನು ಹುಣ್ಣಾಗದಂತೆ ಕಾಯುವುದು ವಿದ್ಯೆಯೇ ಹೊರತು ಕೀಳು ಕೆಲಸವಲ್ಲ. ಇದೇ ಅಪ್ಪ ನಾಳೆ ಆಸ್ಪತ್ರೆಯಲ್ಲಿ ಮಲಗಿದರೆ ಡಾಕ್ಟರ್ ಬಂದು ಹೋಗುವುದು ಕೆಲವೇ ನಿಮಿಷ. ಉಳಿದ ಹಗಲು-ರಾತ್ರಿ ಅವರ ಬಿಪಿ, ಉಸಿರು, ಮೂತ್ರದ ಪ್ರಮಾಣ ನೋಡಿ ‘ಏನೋ ಸರಿಯಿಲ್ಲ’ ಎಂದು ಮೊದಲು ಗುರುತಿಸುವವರು ಸಿಸ್ಟರ್.

ಅಪ್ಪನ ಆತಂಕದಲ್ಲಿ ನ್ಯಾಯವೂ ಇದೆ, ಅದನ್ನು ಮುಚ್ಚಿಡಬಾರದು. ನೈಟ್ ಡ್ಯೂಟಿ ದೇಹವನ್ನು ಹಿಂಡುತ್ತದೆ. ಸಣ್ಣ ಖಾಸಗಿ ಆಸ್ಪತ್ರೆಗಳಲ್ಲಿ ಸಂಬಳ ಕಡಿಮೆ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದ ಮೇಲೆ ಕೇಂದ್ರ ರಚಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಗಳೂ ನರ್ಸ್‌ಗಳಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಶಿಫಾರಸು ಮಾಡಿತು. ಅದನ್ನು ಪಾಲಿಸದ ಆಸ್ಪತ್ರೆಗಳು ಇಂದಿಗೂ ಇವೆ, ಇದು ನಾಚಿಕೆಗೇಡು. ಇನ್ನೊಂದೆಡೆ ಸರ್ಕಾರಿ ಹುದ್ದೆಗಳಿವೆ, ಏಮ್ಸ್, ನಿಮ್ಹಾನ್ಸ್‌ನಂಥ ಸಂಸ್ಥೆಗಳಿವೆ. ಕೊಲ್ಲಿ ದೇಶಗಳು, ಬ್ರಿಟನ್, ಐರ್ಲೆಂಡ್ ನಮ್ಮ ನರ್ಸ್‌ಗಳನ್ನು ಕರೆಸಿಕೊಳ್ಳುತ್ತಲೇ ಇವೆ. ಇದನ್ನೆಲ್ಲ ನೀನು ವಾದಿಸಿ ಗೆಲ್ಲಲು ಹೋಗಬೇಡ. ಒಂದು ಭಾನುವಾರ ಅಪ್ಪನನ್ನೂ ಚಿಕ್ಕಮ್ಮನನ್ನೂ ಎದುರುಬದುರು ಕೂರಿಸು. ಸಂಬಳ ಎಷ್ಟು, ರಜೆ ಹೇಗೆ, ಮದುವೆಯಾದ ಮೇಲೆ ಹೇಗೆ ನಿಭಾಯಿಸಿದರು ಎಂದು ಅಪ್ಪನೇ ಕೇಳಲಿ. ಅನುಭವಸ್ಥರು ಕೊಡುವ ಉತ್ತರಕ್ಕೆ ಇರುವ ತೂಕ ನಿನ್ನ ಮಾತಿಗಾಗಲೀ ನನ್ನ ಬರಹಕ್ಕಾಗಲೀ ಇಲ್ಲ.

ಫಿಸಿಕ್ಸ್ ಹಿಂದೆ ಬಿದ್ದದ್ದಕ್ಕೆ ಆ ವಾರವನ್ನು ಬೈಯಬೇಡ, ಆದರೆ ಅಂಥ ವಾರಗಳನ್ನು ಮತ್ತೆ ಮತ್ತೆ ಹೂಡಬೇಡ. ಬೆಳಗ್ಗೆ ಐದರಿಂದ ರಾತ್ರಿವರೆಗೆ ಓಡುವುದು ಒಂದು ರಜೆಗೆ ಸಾಕು. ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಆಸ್ಪತ್ರೆಯನ್ನು ಪೂರ್ತಿ ಬಿಡು. ಸನ್ನೆ ತರಗತಿ ವಾರಕ್ಕೆ ಒಂದು ಸಂಜೆ ಇರಲಿ. ಭಾಷೆ ಪೂರಾ ನಿಂತರೆ ಮರೆತುಹೋಗುತ್ತದೆ, ಒಂದು ಸಂಜೆಯಿಂದ ಓದಿಗೆ ನಷ್ಟವಿಲ್ಲ. ರಾತ್ರಿ ಏಳೆಂಟು ಗಂಟೆ ನಿದ್ದೆ ಮಾಡು.

ಬೇಸಿಗೆ ರಜೆಯಲ್ಲಿ ಮತ್ತೆ ವಾರ್ಡ್‌ಗೆ ಹೋಗುವುದಾದರೆ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯೇ ಎಂದು ಅಮ್ಮನನ್ನು ಕೇಳಿ ನೋಡು, ಆಗಿರದಿದ್ದರೆ ಈಗಲೇ ಶುರುಮಾಡು. ಸೂಜಿ, ರಕ್ತ ಮುಟ್ಟಬೇಡ. ನೀನಿನ್ನೂ ನೋಡಿ ಕಲಿಯುವವಳು. ರೋಗಿಗಳ ಫೋಟೊ, ಹೆಸರು, ಕಾಯಿಲೆ ನಿನ್ನ ಫೋನಿನ ಸ್ಟೇಟಸ್‌ಗೆ ಹೋಗಕೂಡದು. ಆ ಸಕ್ಕರೆ ಕಾಯಿಲೆಯವರ ಗಾಯ ಈಗ ಹೇಗಿದೆ ಎಂದು ಚಿಕ್ಕಮ್ಮನ ಹತ್ತಿರ ಕೇಳು. ಮತ್ತೆ ಡ್ರೆಸ್ಸಿಂಗ್ ನೋಡುವ ಅವಕಾಶ ಸಿಕ್ಕರೆ ಈ ಸಲ ಹೊಟ್ಟೆ ತುಂಬ ತಿಂದು, ಪಕ್ಕದಲ್ಲೊಂದು ಸ್ಟೂಲ್ ಹಾಕಿಕೊಂಡು ಕೂತು ನೋಡು.

ಈ ಪುಟವನ್ನು ಅಪ್ಪನಿಗೂ ಓದಲು ಕೊಡು. ಅವರಿಗೆ ಇನ್ನೂ ಪ್ರಶ್ನೆಗಳಿದ್ದರೆ ಅವರೇ ನನಗೆ ಬರೆಯಲಿ, ಖಂಡಿತ ಉತ್ತರಿಸುತ್ತೇನೆ.